ಕುಸುಮರೋಗ ಇರುವವರ ಬಾಯಿಯ ಆರೈಕೆ

ಹಿಮೋಫಿಲಿಯಾಕ್ಕೆ ಕನ್ನಡದಲ್ಲಿ ಕುಸುಮರೋಗ ಎಂಬ ಹೆಸರಿದೆ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟದಿರುವುದು ಇದರ ಲಕ್ಷಣ. ಮೊಣಕಾಲು, ಮೊಣಕೈ ಊದಿಕೊಂಡರೆ ಮನೆಯವರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಬಾಯಿಯ ಕಡೆ ಗಮನ ಹೋಗುವುದು ಮಾತ್ರ ಹಲ್ಲು ನೋಯತೊಡಗಿದ ಮೇಲೆಯೇ. ಹುಳುಕು ಅಷ್ಟು ಬೆಳೆದ ಮೇಲೆ ಹಲ್ಲು ಕೀಳಿಸಬೇಕಾಗಬಹುದು. ಈ ರೋಗ ಇರುವವರಿಗೆ ಅದು ದೊಡ್ಡ ಶಸ್ತ್ರಚಿಕಿತ್ಸೆಯಷ್ಟೇ ತಯಾರಿ ಬೇಡುವ ಕೆಲಸ.

ರೋಗದ ಸ್ವರೂಪ

ರಕ್ತ ಹೆಪ್ಪುಗಟ್ಟಲು ಫ್ಯಾಕ್ಟರ್ ಎಂಬ ಹಲವು ಪ್ರೋಟೀನುಗಳು ಒಂದರ ಹಿಂದೊಂದು ಕೆಲಸ ಮಾಡಬೇಕು. ಫ್ಯಾಕ್ಟರ್ 8ರ ಕೊರತೆಯಿದ್ದರೆ ಹಿಮೋಫಿಲಿಯಾ ‘ಎ’, ಫ್ಯಾಕ್ಟರ್ 9ರ ಕೊರತೆಯಿದ್ದರೆ ‘ಬಿ’. ದೋಷವಿರುವ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ‘ಎ’ ಬಗೆ ಇರುತ್ತದೆ. ಸುಮಾರು ಮೂರನೇ ಒಂದರಷ್ಟು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ.

ಫ್ಯಾಕ್ಟರ್ ಪ್ರಮಾಣ ಶೇ 1ಕ್ಕಿಂತ ಕಡಿಮೆಯಿದ್ದರೆ ತೀವ್ರ, ಶೇ 1ರಿಂದ 5ರಷ್ಟಿದ್ದರೆ ಮಧ್ಯಮ, ಶೇ 5ರಿಂದ 40ರಷ್ಟಿದ್ದರೆ ಸೌಮ್ಯ. ಸೌಮ್ಯ ಬಗೆಯವರಿಗೆ ತಮಗೆ ಈ ರೋಗವಿದೆ ಎಂಬುದು ಹಲ್ಲು ಕೀಳಿಸಿದ ದಿನವೇ ಮೊದಲ ಸಲ ಗೊತ್ತಾಗುವುದೂ ಉಂಟು.

ಬಾಯಿಯ ರಕ್ತ ಬೇಗ ನಿಲ್ಲದೇಕೆ?

ಜೊಲ್ಲಿಗೆ ಹೆಪ್ಪನ್ನು ಕರಗಿಸುವ ಗುಣವಿದೆ. ಸಾಲದ್ದಕ್ಕೆ ನಾಲಿಗೆ ಗಾಯವನ್ನು ತಡವುತ್ತಲೇ ಇರುತ್ತದೆ. ಹಾಗಾಗಿ ಕಟ್ಟಿದ ಹೆಪ್ಪು ಮತ್ತೆ ಮತ್ತೆ ಬಿಡುತ್ತದೆ. ನಡೆಯಲು ಕಲಿಯುವ ಮಗು ಬಿದ್ದು ತುಟಿಯ ಒಳಗಿನ ಎಳೆ ಹರಿದುಕೊಂಡರೆ, ನಾಲಿಗೆ ಕಚ್ಚಿಕೊಂಡರೆ, ದಿನಗಟ್ಟಲೆ ರಕ್ತ ಜಿನುಗಬಹುದು. ಎಷ್ಟೋ ಮಕ್ಕಳಲ್ಲಿ ರೋಗದ ಮೊದಲ ಸುಳಿವು ಇದೇ.

ಹೆಪ್ಪು ಕರಗದಂತೆ ತಡೆಯಲು ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧವಿದೆ. ಇದನ್ನು ಮಾತ್ರೆಯಾಗಿ ಅಥವಾ ಬಾಯಿ ಮುಕ್ಕಳಿಸುವ ದ್ರಾವಣವಾಗಿ ವೈದ್ಯರು ಕೊಡುತ್ತಾರೆ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ ಮೊದಲೇ ತಿಳಿಸಬೇಕು; ಆಗ ಈ ಔಷಧ ತೊಂದರೆ ಮಾಡಬಹುದು.

ರಕ್ತ ಬರುವುದು ಬ್ರಶ್ಶಿನಿಂದಲ್ಲ

ಬೆಳಿಗ್ಗೆ ಹಲ್ಲುಜ್ಜುವಾಗ ನೊರೆ ಕೆಂಪಾದರೆ ತಾಯಿಯ ಕೈ ನಡುಗುತ್ತದೆ. ನಾಳೆಯಿಂದ ಬ್ರಶ್ ಬೇಡ, ಬೆರಳಲ್ಲೇ ಉಜ್ಜು ಎನ್ನುತ್ತಾಳೆ. ಆ ಭಯ ಸಹಜ, ಆದರೆ ಫಲ ತಿರುವುಮುರುವು. ಬ್ರಶ್ ಬಿಟ್ಟರೆ ಒಸಡಿನ ಅಂಚಿನಲ್ಲಿ ಮೆತ್ತನೆಯ ಕೊಳೆ ಕೂಡಿ, ಅದು ಗಟ್ಟಿಯಾಗಿ ಕಿಟ್ಟಗಟ್ಟುತ್ತದೆ. ಒಸಡು ಊದಿ, ಸೋಕಿದರೆ ಸಾಕು ರಕ್ತ ಸುರಿಯುವಂತಾಗುತ್ತದೆ. ಆರೋಗ್ಯವಾಗಿರುವ ಒಸಡಿನಿಂದ ಉಜ್ಜಿದ ಮಾತ್ರಕ್ಕೆ ರಕ್ತ ಬರುವುದಿಲ್ಲ. ಕುಸುಮರೋಗ ಇರುವವರಿಗೂ ಈ ಮಾತು ಸಲ್ಲುತ್ತದೆ.

ಮೆತ್ತನೆಯ ಎಳೆಯ ಬ್ರಶ್ಶಿನಿಂದ ದಿನಕ್ಕೆರಡು ಸಲ ಉಜ್ಜಬೇಕು. ಮೊದಲ ಹಲ್ಲು ಮೂಡಿದ ದಿನದಿಂದಲೇ ಶುರು ಮಾಡಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಇದ್ದಿಲು, ಬೂದಿ, ಇಟ್ಟಿಗೆಪುಡಿ ಒಸಡನ್ನು ಗೀರುತ್ತವೆ, ಅವು ಬೇಡ. ಹಾಲುಹಲ್ಲು ತಾನಾಗಿ ಬೀಳುವಾಗ ಸಾಮಾನ್ಯವಾಗಿ ಹೆಚ್ಚು ರಕ್ತ ಹೋಗುವುದಿಲ್ಲ. ಅಲ್ಲಾಡುತ್ತಿದೆ ಎಂದು ದಾರ ಕಟ್ಟಿ ಎಳೆಯಬಾರದು.

ಹಲ್ಲು ಕೀಳಿಸಲೇಬೇಕಾದರೆ

ಹಲ್ಲಿನ ವೈದ್ಯರೂ ಹಿಮೋಫಿಲಿಯಾ ನೋಡುವ ವೈದ್ಯರೂ ಮೊದಲೇ ಮಾತಾಡಿಕೊಂಡಿರಬೇಕು. ಕೀಳುವ ಮುನ್ನ ರಕ್ತನಾಳದ ಮೂಲಕ ಫ್ಯಾಕ್ಟರ್ ಕೊಡುತ್ತಾರೆ. ಕೆಳದವಡೆಯ ನರವನ್ನೇ ಮರಗಟ್ಟಿಸುವ ಚುಚ್ಚುಮದ್ದನ್ನು ಫ್ಯಾಕ್ಟರ್ ಇಲ್ಲದೆ ಕೊಟ್ಟರೆ, ಒಳಗೆ ಹರಿದ ರಕ್ತ ಗಂಟಲಿನವರೆಗೆ ಇಳಿದು ಉಸಿರಾಟಕ್ಕೇ ಅಡ್ಡಿಯಾಗಬಹುದು.

ಕಿತ್ತ ಜಾಗದಲ್ಲಿ ರಕ್ತ ನಿಲ್ಲಿಸುವ ಸ್ಪಂಜು ಇಟ್ಟು ಹೊಲಿಗೆ ಹಾಕುತ್ತಾರೆ. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು. ಆರಿದ ಗಂಜಿ, ಮೊಸರನ್ನ ಸಾಕು. ಖಡಕ್ ರೊಟ್ಟಿ, ಮಂಡಕ್ಕಿ, ಬಿಸಿಬಿಸಿ ಮೆಣಸಿನಕಾಯಿ ಗಾಯ ಮಾಯುವವರೆಗೆ ದೂರವಿರಲಿ. ಎಲೆಅಡಿಕೆ, ಗುಟ್ಕಾ, ಬೀಡಿಯಂತೂ ಬೇಡವೇ ಬೇಡ.

ಕಿತ್ತ ಕುಳಿಯ ಮೇಲೆ ಕಪ್ಪುಗೆಂಪಿನ, ಮುಟ್ಟಿದರೆ ಅಲ್ಲಾಡುವ ಮೆತ್ತನೆಯ ಗಡ್ಡೆ ಬೆಳೆದು, ಅದರ ಬುಡದಿಂದ ರಕ್ತ ಜಿನುಗುತ್ತಿದ್ದರೆ ಅದು ಒಳ್ಳೆಯ ಹೆಪ್ಪಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾರ, ಹತ್ತು ದಿನ ಬೆಳಗಾಗುತ್ತಲೇ ದಿಂಬನ್ನೊಮ್ಮೆ ನೋಡುವುದು ಒಳ್ಳೆಯದು. ನಿದ್ದೆಯಲ್ಲಿ ಒಸರಿದ ರಕ್ತದ ಕಲೆ ಅಲ್ಲಿ ಕಾಣುತ್ತದೆ.

ನೋವಿಗೆ ಯಾವ ಮಾತ್ರೆ?

ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ರಕ್ತಸ್ರಾವ ಹೆಚ್ಚಿಸುತ್ತವೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬಾರದು. ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತದೆ.

ಕುಡಗೋಲು ಕಣ ರೋಗದಲ್ಲಿ

ಸಿಕಲ್ ಸೆಲ್ ಕೂಡ ವಂಶವಾಹಿ ರಕ್ತರೋಗವೇ, ಆದರೆ ಅಪಾಯ ಬೇರೆ. ಅಲ್ಲಿ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟುತ್ತವೆ. ಹಲ್ಲಿನ ಕೀವು, ಸೋಂಕು ಮೈತುಂಬ ನೋವಿನ ಬಾಧೆಯನ್ನೇ ಎಬ್ಬಿಸಬಹುದು. ರಾಜ್ಯದಲ್ಲಿ ಇದು ಮೈಸೂರು, ಚಾಮರಾಜನಗರ, ಕೊಡಗು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ಇವೆ.

ದಾವಣಗೆರೆಯ ಅನುಕೂಲ

ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲಿ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ರೋಗದೊಂದಿಗೆ ಬದುಕಿದವರು. 1979ರಲ್ಲಿ ಆರಂಭವಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಚಿಗಟೇರಿ ಜಿಲ್ಲಾ ಆಸ್ಪತ್ರೆ ಎಲ್ಲವೂ ಇದೇ ಊರಿನಲ್ಲಿವೆ. ಚಿತ್ರದುರ್ಗದ ಕಡೆಯ ಹೆದ್ದಾರಿಯಲ್ಲಿರುವ ಆನಗೋಡಿನವರಿಗೂ ತುಂಗಭದ್ರೆಯ ದಡದ ಹರಿಹರದವರಿಗೂ ಬಸ್ಸು ಹತ್ತಿದರೆ ದೂರವೇನಲ್ಲ.

ನೋವು ಬರುವವರೆಗೆ ಕಾಯದೆ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿಕೊಂಡು ಬರಬೇಕು. ಹುಳುಕು ಸಣ್ಣದಿರುವಾಗ ತುಂಬಿಸಿದರೆ ಕೀಳಿಸುವ ಪ್ರಮೇಯವೇ ಬರುವುದಿಲ್ಲ. ಕುರ್ಚಿಯಲ್ಲಿ ಕೂರುವ ಮುನ್ನ “ಡಾಕ್ಟ್ರೇ, ನನ್ನ ಮಗನಿಗೆ ಕುಸುಮರೋಗ ಐತ್ರಿ” ಎಂದು ತಾಯಿ ಹೇಳುವ ಒಂದು ಮಾತು, ಮನೆಯಲ್ಲಿ ದಿನಕ್ಕೆರಡು ಸಲ ಮಗನ ಕೈಗೆ ಕೊಡುವ ಬ್ರಶ್ಶು, ಇವೆರಡರಿಂದ ಆ ಮಗುವಿನ ಬಹುಪಾಲು ಹಲ್ಲುಗಳು ಉಳಿಯುತ್ತವೆ.