ಕೂಪರ್ ಕವಿ ಕಳೆದುಕೊಂಡ ಆನಂದ

(ಬಾನುಲಿ ಭಾಷಣ)

ಜಾನ್ ಗಿಲ್ಪಿನ್ ಎಂಬ ಬಟ್ಟೆ ವ್ಯಾಪಾರಿಯ ಕುದುರೆ ಸವಾರಿಯ ಪದ್ಯವನ್ನು ಹಿಂದಿನ ತಲೆಮಾರಿನ ಅನೇಕರು ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿದ್ದಾರೆ. ನಾನೂ ಓದಿದ್ದೆ. ಲಂಡನ್ನಿನ ಆ ಸಭ್ಯ ಗೃಹಸ್ಥ ಹತೋಟಿ ಮೀರಿದ ಕುದುರೆಯ ಮೇಲೆ ಕುಳಿತು, ಟೋಪಿಯನ್ನೂ ಕಟ್ಟುಗೂದಲನ್ನೂ ಗಾಳಿಗೆ ತೂರಿ ಓಡಿದ ಪರಿಯನ್ನು ಮೇಷ್ಟ್ರು ವಿವರಿಸಿದಾಗ ತರಗತಿಗೆ ತರಗತಿಯೇ ನಕ್ಕಿತ್ತು. ಆ ಪದ್ಯ ಹುಟ್ಟಿದ್ದು 1782ರಲ್ಲಿ. ದೇವರು ತನ್ನನ್ನು ಎಂದೆಂದಿಗೂ ಕೈಬಿಟ್ಟನೆಂದು ಅದರ ಕವಿ ವಿಲಿಯಂ ಕೂಪರ್ ನಂಬಿ ಆಗಲೇ ಒಂಬತ್ತು ವರ್ಷಗಳಾಗಿದ್ದುವು. ಈ ಸಂಗತಿ ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಕ್ರೈಸ್ತ ಧರ್ಮದಲ್ಲಿ ಆನಂದವೆಂಬುದು ಭಕ್ತಿಯ ಅಲಂಕಾರವಲ್ಲ, ಅದರ ಫಲ. ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪ್ರೀತಿಯ ಬೆನ್ನಿಗೇ ಸಂತೋಷವನ್ನು ಹೆಸರಿಸಿದ್ದಾನೆ. ಈ ಫಲ ಉದುರಬಹುದೆಂಬುದೂ ಬೈಬಲಿಗೆ ಗೊತ್ತು. 51ನೆಯ ಕೀರ್ತನೆಯಲ್ಲಿ ದಾವೀದನು ರಕ್ಷಣಾನಂದವನ್ನು ಮರಳಿ ಬೇಡುತ್ತಾನೆ. ಆದರೆ ದಾವೀದನಿಗೆ ತನ್ನ ಪಾಪ ಯಾವುದೆಂದು ತಿಳಿದಿತ್ತು. ಕಾರಣವೇ ತಿಳಿಯದೆ ಆನಂದವನ್ನು ಕಳೆದುಕೊಂಡವನ ಪಾಡೇನು? ಕೂಪರನ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1731ರಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ ಕೂಪರ್ ಆರನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ. ಕಾನೂನು ಓದಿದ. 1763ರಲ್ಲಿ ಪ್ರಭುಗಳ ಸಭೆಯಲ್ಲಿ ಗುಮಾಸ್ತೆಯ ಹುದ್ದೆಯೊಂದು ಒದಗಿತು. ಅದಕ್ಕಾಗಿ ಸಭೆಯ ಮುಂದೆ ಪರೀಕ್ಷೆಗೆ ನಿಲ್ಲಬೇಕೆಂಬ ಭೀತಿಯಲ್ಲಿ ಅವನ ಮನಸ್ಸು ಒಡೆದು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಬಂಧುಗಳು ಅವನನ್ನು ಸೇಂಟ್ ಆಲ್ಬನ್ಸ್‌ನಲ್ಲಿ ಡಾಕ್ಟರ್ ಕಾಟನ್ ನಡೆಸುತ್ತಿದ್ದ ಮನೋರೋಗಿಗಳ ಆಶ್ರಯಗೃಹದಲ್ಲಿ ಬಿಟ್ಟರು. ಅಲ್ಲಿ 1764ರಲ್ಲಿ ಬೈಬಲ್ ತೆರೆದು ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ಓದುತ್ತಿರುವಾಗ, ಕ್ರಿಸ್ತನ ಕ್ಷಮೆ ತನಗೂ ಸಲ್ಲುತ್ತದೆಂಬ ಅರಿವು ಥಟ್ಟನೆ ಮೂಡಿತು. ಆಗ ಉಕ್ಕಿದ ಆನಂದ ಎಷ್ಟೆಂದರೆ, ಈ ಸಂತೋಷವೇ ಇನ್ನೊಂದು ಉನ್ಮಾದಕ್ಕೆ ತಿರುಗೀತೆಂದು ವೈದ್ಯನೇ ಅಂಜಿದ.

ಗುಣಹೊಂದಿದ ಕೂಪರ್ ಅನ್ವಿನ್ ಎಂಬವರ ಕುಟುಂಬದಲ್ಲಿ ಆಸರೆ ಪಡೆದ. ಮನೆಯ ಯಜಮಾನ ಕುದುರೆಯಿಂದ ಬಿದ್ದು ತೀರಿಕೊಂಡ ಮೇಲೆ, 1767ರಲ್ಲಿ, ವಿಧವೆ ಮೇರಿ ಅನ್ವಿನ್ನಳೊಂದಿಗೆ ಓಲ್ನಿ ಎಂಬ ಊರಿಗೆ ಬಂದ. ಕಸೂತಿ ಜಾಲರಿ ಹೆಣೆದು ಹೊಟ್ಟೆಹೊರೆಯುವ ಬಡವರ ಊರು ಅದು. ಅಲ್ಲಿಯ ಧರ್ಮೋಪದೇಶಕ ಜಾನ್ ನ್ಯೂಟನ್, ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ನಾಯಕನಾಗಿದ್ದವನು. ಇಬ್ಬರೂ ಸೇರಿ ಆ ಬಡಜನರ ಪ್ರಾರ್ಥನಾಕೂಟಕ್ಕೆಂದು ಗೀತೆಗಳನ್ನು ರಚಿಸಿದರು. 1779ರಲ್ಲಿ ಅಚ್ಚಾದ ‘ಓಲ್ನಿ ಹಿಮ್ಸ್’ ಸಂಗ್ರಹದ 348 ಗೀತೆಗಳಲ್ಲಿ ಅರುವತ್ತಕ್ಕೂ ಹೆಚ್ಚು ಕೂಪರನವು. ಅವುಗಳಲ್ಲೊಂದು 1769ರ ಡಿಸೆಂಬರಿನಲ್ಲಿ, ಮೇರಿ ಕಾಯಿಲೆ ಬಿದ್ದಾಗ ಬರೆದದ್ದು. ಮೊದಲ ದಿನಗಳ ಆ ಧನ್ಯತೆ ಎಲ್ಲಿ ಹೋಯಿತೆಂಬ ಹುಡುಕಾಟ ಆಗಲೇ ಅದರಲ್ಲಿ ಕೇಳಿಬರುತ್ತದೆ.

1773ರ ಜನವರಿಯಲ್ಲಿ ಮನಸ್ಸು ಮತ್ತೆ ಕುಸಿಯಿತು. ಮುಂದಿನ ತಿಂಗಳು ಬಿದ್ದ ಕನಸೊಂದರಲ್ಲಿ ‘ನಿನ್ನ ಕಥೆ ಮುಗಿಯಿತು’ ಎಂಬ ಅರ್ಥದ ತೀರ್ಪು ಕೇಳಿದಂತಾಯಿತು. ಅಂದಿನಿಂದ ಅವನು ಚರ್ಚಿಗೆ ಹೋಗಲಿಲ್ಲ. ದೇವರ ಕರುಣೆಯನ್ನು ಅವನು ಅಲ್ಲಗಳೆಯಲಿಲ್ಲ. ಅದು ಉಳಿದವರಿಗೆಲ್ಲ ಉಂಟು, ತನಗೊಬ್ಬನಿಗೆ ಇಲ್ಲ ಎಂದುಕೊಂಡ.

ನ್ಯೂಟನ್ನನ ಕಟ್ಟುನಿಟ್ಟಿನ ಧರ್ಮವೇ ಕವಿಯನ್ನು ಕೆಡಿಸಿತೆಂದು ಕೆಲವು ವಿಮರ್ಶಕರು ದೂರಿದರು. ಈ ದೂರು ನ್ಯಾಯವೆಂದು ನನಗೆ ತೋರದು. ಕಾಯಿಲೆ ನ್ಯೂಟನ್ನನಿಗಿಂತ ಹಳೆಯದು. ಆದರೆ ದೇವರು ಕೆಲವರನ್ನು ಆರಿಸಿಕೊಳ್ಳುತ್ತಾನೆಂಬ ಬೋಧೆ ಆ ಭೀತಿಗೊಂದು ಆಕಾರ ಕೊಟ್ಟಿತೆಂಬುದನ್ನೂ ಮರೆಮಾಚುವಂತಿಲ್ಲ. ಹೃದಯದ ಉಕ್ಕನ್ನೇ ರಕ್ಷಣೆಯ ಸಾಕ್ಷಿಯೆಂದು ಹಿಡಿದವನಿಗೆ, ಉಕ್ಕು ಇಳಿದಾಗ ಸಾಕ್ಷಿಯೂ ಇಲ್ಲವಾಯಿತು. ಇನ್ನು ನ್ಯೂಟನ್ ಮಾಡಿದ್ದೇನು? ಏಪ್ರಿಲಿನಲ್ಲಿ ತನ್ನ ಮನೆಗೆ ಬಂದ ಗೆಳೆಯನನ್ನು ಮರುವರ್ಷದ ಮೇ ತಿಂಗಳವರೆಗೂ, ಹದಿಮೂರು ತಿಂಗಳು, ಹೊರಗೆ ಕಳುಹಿಸದೆ ಇಟ್ಟುಕೊಂಡು ನೋಡಿಕೊಂಡ.

ಚೇತರಿಕೆ ಬಂದದ್ದು ಸಣ್ಣ ಬಾಗಿಲುಗಳಿಂದ. 1774ರಲ್ಲಿ ನೆರೆಯವರು ಕೊಟ್ಟ ಮೊಲದ ಮರಿಯೊಂದನ್ನು ಸಾಕಿದ, ಅದು ಮೂರಾಯಿತು. ಪುಸ್, ಟೈನಿ, ಬೆಸ್ ಎಂದು ಹೆಸರಿಟ್ಟ. ಒಂದೊಂದರ ಸ್ವಭಾವವನ್ನೂ ಬಣ್ಣಿಸಿ ಹತ್ತು ವರ್ಷಗಳ ಮೇಲೆ ಪತ್ರಿಕೆಗೆ ಬರೆದ. ಮರಗೆಲಸ ಮಾಡಿದ, ತೋಟದಲ್ಲಿ ಸೌತೆ ಬೆಳೆದ, ಗೆಳೆಯರಿಗೆ ಕಾಗದ ಬರೆದ. ಒಂದು ಸಂಜೆ ಅವನ ಕವಿದ ಮುಖವನ್ನು ನೋಡಲಾರದೆ ಲೇಡಿ ಆಸ್ಟಿನ್ ಎಂಬ ಸ್ನೇಹಿತೆ ಗಿಲ್ಪಿನ್ನನ ಕಥೆ ಹೇಳಿದಳು. ಅದೇ ಪದ್ಯವಾಯಿತು. ತಾನು ಬರೆದ ಅತ್ಯಂತ ನಗೆಯ ಸಾಲುಗಳು ಅತ್ಯಂತ ದುಃಖದ ಹೊತ್ತಿನಲ್ಲಿ ಬರೆದವೆಂದು ಕವಿಯೇ ಹೇಳಿಕೊಂಡಿದ್ದಾನೆ. 1785ರಲ್ಲಿ ‘ದಿ ಟಾಸ್ಕ್’ ಕಾವ್ಯ ಕೀರ್ತಿ ತಂದಿತು.

1791ರಲ್ಲೂ 1792ರಲ್ಲೂ ಮೇರಿ ಪಾರ್ಶ್ವವಾಯುವಿಗೆ ತುತ್ತಾದಳು. ಕಾಲು ಶತಮಾನ ತನ್ನನ್ನು ಸಲಹಿದವಳನ್ನು, ತನ್ನ ಮನಸ್ಸು ಪೂರ್ತಿ ಸೋಲುವವರೆಗೂ ಕೂಪರ್ ಸಲಹಿದ. ಅವನಲ್ಲಿ ಸಂತೋಷ ಇರಲಿಲ್ಲ. ಆದರೆ ಪೌಲನ ಪಟ್ಟಿಯಲ್ಲಿ ಅದಕ್ಕೂ ಮೊದಲು ಬರುವ ಪ್ರೀತಿ ಇತ್ತು. ಅವಳು 1796ರಲ್ಲಿ ತೀರಿಕೊಂಡಳು. ಕಡಲಿಗೆ ಬಿದ್ದು, ದೂರ ಸರಿಯುವ ಹಡಗನ್ನು ನೋಡುತ್ತ ಮುಳುಗಿದ ನಾವಿಕನನ್ನು ಕುರಿತು 1799ರಲ್ಲಿ ಅವನು ಬರೆದ ಕವನದಲ್ಲಿ ಆ ನಾವಿಕನಿಗಿಂತ ಆಳದಲ್ಲಿ ಮುಳುಗಿದವನು ತಾನೇ. 1800ರ ಏಪ್ರಿಲ್ 25ರಂದು ಕಣ್ಣುಮುಚ್ಚಿದ. ಅನಂತರ ಅವನ ಮುಖದ ಮೇಲೆ ಶಾಂತಿಯೂ ಪವಿತ್ರವಾದೊಂದು ಬೆರಗೂ ಕಂಡುವೆಂದು ಬಳಿಯಿದ್ದ ಬಂಧು ಬರೆದಿಟ್ಟಿದ್ದಾನೆ. ಅದನ್ನು ನಂಬಲು ನನಗೂ ಆಸೆ. ಆದರೆ ಮೃತನ ಮುಖ ಇತಿಹಾಸಕ್ಕೆ ಸಾಕ್ಷಿಯಾಗಲಾರದು.

ನಾನು ಬಲ್ಲ ಹಿರಿಯರೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಚರ್ಚಿನಲ್ಲಿ ಹಾಡುವುದನ್ನು ನಿಲ್ಲಿಸಿದರು. ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು. ‘ಅಯ್ಯಾ, ನಿಮ್ಮ ನಂಬಿಕೆ ಸಾಲದು’ ಎಂದು ಒಬ್ಬರು ಬುದ್ಧಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮರುವಾರದಿಂದ ಆ ಜಾಗ ಖಾಲಿ. ಕೂಪರನ ಚರಿತ್ರೆಯನ್ನು ಓದುವಾಗಲೆಲ್ಲ ಆ ಬೆಂಚು ನನ್ನ ಕಣ್ಣಮುಂದೆ ಬರುತ್ತದೆ. ದಾವೀದನಂತೆ ಕಳೆದುಕೊಂಡದ್ದನ್ನು ಬೇಡಿ ಪಡೆಯುವವರು ಭಾಗ್ಯವಂತರು. ಬೇಡುವ ಶಕ್ತಿಯೂ ಇಲ್ಲದವರ ಪಾಲಿನ ಆನಂದವನ್ನು, ಅವರು ಮರಳಿ ಕೇಳುವವರೆಗೆ, ಜೊತೆಯವರು ಜೋಪಾನವಾಗಿ ಇಟ್ಟುಕೊಳ್ಳಬೇಕು. ಓಲ್ನಿಯಲ್ಲಿ ನ್ಯೂಟನ್ನನೂ ಮೇರಿಯೂ ಮಾಡಿದ್ದು ಅದನ್ನೇ. ಕೂಪರನ ಗೀತೆಗಳನ್ನು ಇಂದಿಗೂ ಚರ್ಚುಗಳಲ್ಲಿ ಹಾಡುತ್ತಾರೆ. ಅವನು ಕಳೆದುಕೊಂಡ ಆನಂದವನ್ನು ಅವನದೇ ಮಾತುಗಳಲ್ಲಿ ಪಡೆಯುತ್ತಿರುವವರು ಎಷ್ಟೋ ಮಂದಿ.