ಅಳುವ ಮಗು, ಅಳದ ಮಗು

ಜೂನ್ ತಿಂಗಳಿನಲ್ಲಿ ಯಾವ ಶಿಶುವಿಹಾರದ ಮುಂದೆ ಹಾದುಹೋದರೂ ಅಳು ಕೇಳಿಸುತ್ತದೆ. ತಾಯಿಯ ಸೆರಗು ಹಿಡಿದ ಮಗುವನ್ನು ಬಿಡಿಸಿಕೊಂಡು ಒಳಗೆ ಕರೆದೊಯ್ಯುವ ಉಪಾಧ್ಯಾಯಿನಿಗೆ ನಾವೆಲ್ಲ ಹೇಳುವುದು ಒಂದೇ ಮಾತು: “ಎರಡು ದಿನ ಅಳುತ್ತದೆ, ಆಮೇಲೆ ತಾನಾಗಿ ಸುಮ್ಮನಾಗುತ್ತದೆ.” ಸುಮ್ಮನಾಗುವುದೇನೋ ದಿಟ. ಆದರೆ ಸುಮ್ಮನಾದ ಮಗುವಿಗೆ ಸಮಾಧಾನವಾಗಿದೆಯೆ? ಈ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರಲ್ಲಿ ಆನ್ನಾ ಫ್ರಾಯ್ಡ್ ಒಬ್ಬರು.

ಸಿಗ್ಮಂಡ್ ಫ್ರಾಯ್ಡರ ಕಿರಿಯ ಮಗಳೆಂದು ಪ್ರಸಿದ್ಧರಾದ ಈಕೆ ಮೊದಲು ವಿಯೆನ್ನಾ ನಗರದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದರು. ಅಲ್ಲಿನ ಮಕ್ಕಳ ಕೇಂದ್ರಗಳ ಶಿಕ್ಷಕರಿಗಾಗಿ ಅವರು ಮಾಡಿದ ನಾಲ್ಕು ಉಪನ್ಯಾಸಗಳು 1930ರಲ್ಲಿ ಪುಸ್ತಕವಾಗಿ ಬಂದವು. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ನುಂಗಿದಾಗ ತಂದೆಯೊಡನೆ ಲಂಡನ್ನಿಗೆ ಬಂದು ನೆಲಸಿದರು.

ಮರುವರ್ಷವೇ ಯುದ್ಧ. 1939ರ ಸೆಪ್ಟೆಂಬರಿನ ಮೊದಲ ಕೆಲವೇ ದಿನಗಳಲ್ಲಿ ಬಾಂಬಿನ ಭಯದಿಂದ ಬ್ರಿಟನ್ನಿನ ನಗರಗಳನ್ನು ಬಿಟ್ಟು ಸುಮಾರು 15 ಲಕ್ಷ ಮಂದಿ ಬೇರೆ ಊರುಗಳಿಗೆ ಹೊರಟರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮೈಮೇಲೆ ಹೆಸರಿನ ಚೀಟಿ, ಹೆಗಲಿನಲ್ಲಿ ವಿಷಗಾಳಿಯ ಮುಖವಾಡ, ಜೊತೆಯಲ್ಲಿ ತಮ್ಮ ಶಾಲೆಯ ಮೇಷ್ಟರು. ಅಂಥ ಮಕ್ಕಳನ್ನು ಕೇಂಬ್ರಿಜ್‌ನಲ್ಲಿ ಸೂಸನ್ ಐಸಾಕ್ಸ್ ಮತ್ತು ಸಂಗಡಿಗರು ವಿಚಾರಿಸಿ 1941ರಲ್ಲಿ ವರದಿಯನ್ನು ಪ್ರಕಟಿಸಿದರು. ಇಲ್ಲಿ ನಿಮಗೆ ಏನು ಇಲ್ಲವೆನಿಸುತ್ತದೆ ಎಂದು ಕೇಳಿದುದಕ್ಕೆ ಮಕ್ಕಳು ಬರೆದುಕೊಟ್ಟದ್ದರಲ್ಲಿ ತುಂಬಿದ್ದುದು ಮನೆಯವರ ನೆನಪೇ.

ಇನ್ನೂ ಎಳೆಯ ಮಕ್ಕಳ ಪಾಡನ್ನು ಹತ್ತಿರದಿಂದ ಕಂಡವರು ಆನ್ನಾ ಫ್ರಾಯ್ಡ್ ಮತ್ತು ಅವರ ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮ್. ಇಬ್ಬರೂ ಅಮೆರಿಕದವರ ಹಣದ ನೆರವಿನಿಂದ 1941ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಶಿಶುಪಾಲನ ಗೃಹವನ್ನು ತೆರೆದರು. ಬಾಂಬಿನ ಸದ್ದಿಗಿಂತ ತಾಯಿಯ ಅಗಲಿಕೆಯೇ ಕೂಸುಗಳನ್ನು ಹೆಚ್ಚು ಕಂಗೆಡಿಸಿತೆಂಬುದು ಅವರು ಅಲ್ಲಿ ಕಂಡುಕೊಂಡ ಸಂಗತಿ.

ಅಲ್ಲಿಗೆ ಬಂದವನು ಪ್ಯಾಟ್ರಿಕ್, ಮೂರು ವರ್ಷ ಎರಡು ತಿಂಗಳ ಹುಡುಗ. ಅತ್ತರೆ ನೋಡಲು ಬರುವುದಿಲ್ಲವೆಂದು ತಾಯಿ ಹೇಳಿಹೋಗಿದ್ದಳು. ಹುಡುಗ ಅಳಲಿಲ್ಲ. ಅಮ್ಮ ಬರುತ್ತಾಳೆ, ಕೋಟು ತೊಡಿಸುತ್ತಾಳೆ, ಮನೆಗೆ ಕರೆದುಕೊಂಡು ಹೋಗುತ್ತಾಳೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ದಿನಗಳೆದಂತೆ ಕೋಟಿನ ಜೊತೆಗೆ ಟೋಪಿಯೂ ಸೇರಿತು. ಇದನ್ನೇ ಎಷ್ಟು ಸಲ ಹೇಳುವೆಯಪ್ಪ ಎಂದು ಯಾರೋ ಕೇಳಿದರು. ಒಳ್ಳೆಯ ಹುಡುಗನಲ್ಲವೆ, ನಿಲ್ಲಿಸಿದ. ಆಮೇಲೆ ಮಾತಿನ ಬದಲು ಕೈಸನ್ನೆ ಬಂತು: ಕೋಟು ತೊಡುವಂತೆ, ಟೋಪಿ ಇಡುವಂತೆ. ಉಳಿದ ಮಕ್ಕಳು ಆಡುತ್ತಿರುವಾಗ ಅವನೊಬ್ಬ ಮೂಲೆಯಲ್ಲಿ ನಿಂತು ಕೈಯನ್ನೂ ತುಟಿಯನ್ನೂ ಆಡಿಸುತ್ತಿದ್ದ. ತರಗತಿಯಲ್ಲಿ ಇಂಥವನಿದ್ದರೆ ನಾವು ಸಾಧುಮಗು ಎನ್ನುತ್ತೇವೆ!

ಅಳಬೇಡವೆನ್ನುವುದು ಎಷ್ಟು ಕಠಿನವಾದ ಆಜ್ಞೆಯೆಂಬುದು ಇದರಿಂದ ಗೊತ್ತಾಗುತ್ತದೆ. ಅಳು ಆ ವಯಸ್ಸಿನಲ್ಲಿ ತಾಯಿಯನ್ನು ನೆನೆಯುವ ಬಗೆ. ಅದನ್ನು ಕಿತ್ತುಕೊಂಡರೆ ಮಗುವಿಗೆ ಉಳಿಯುವುದು ಮೂಲೆ.

ಆ ಗೃಹದವರು ತಮ್ಮ ಏರ್ಪಾಡನ್ನೇ ಬದಲಾಯಿಸಿದರು. ಎಲ್ಲ ಮಕ್ಕಳನ್ನೂ ಎಲ್ಲರೂ ನೋಡಿಕೊಳ್ಳುವ ಪದ್ಧತಿಯನ್ನು ಬಿಟ್ಟು, ನಾಲ್ಕೈದು ಮಕ್ಕಳಿಗೆ ಒಬ್ಬಳು ದಾದಿಯಂತೆ ಪುಟ್ಟ ಸಂಸಾರಗಳನ್ನು ಮಾಡಿದರು. ಮಕ್ಕಳು ಒಂದು ವಾರದಲ್ಲಿಯೇ ಅವರನ್ನು ಅಂಟಿಕೊಂಡರು. ಆದರೆ ನೆಮ್ಮದಿ ಒಮ್ಮೆಗೇ ಬರಲಿಲ್ಲ. ಹೊಟ್ಟೆಕಿಚ್ಚು ಬಂತು, ತನ್ನ ದಾದಿ ಕೊಠಡಿಯಿಂದ ಆಚೆ ಹೋದರೂ ಗೋಳು. ಗದ್ದಲ ಹೆಚ್ಚಿತೆಂದು ಅವರು ಹಿಂದೆಗೆಯಲಿಲ್ಲ. ಕ್ರಮೇಣ ಮಕ್ಕಳು ತಿಳಿಯಾದರು. ಮಾತು, ಶುಚಿತ್ವ ಇತ್ಯಾದಿಗಳಲ್ಲಿಯೂ ಮುಂದುವರಿದರು. ತಾಯಂದಿರಿಗಂತೂ ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆದಿರುತ್ತಿತ್ತು.

ಅಲ್ಲಿ ಕೆಲಸಮಾಡುವವರೆಲ್ಲರೂ ಮಕ್ಕಳಲ್ಲಿ ತಾವು ಕಂಡುದನ್ನು ಚೀಟಿಗಳಲ್ಲಿ ಬರೆದಿಡಬೇಕೆಂಬ ನಿಯಮವಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬಾತನಿಗೂ ಅದೇ ನಿಯಮ. 1945ರಲ್ಲಿ ಗೃಹ ಮುಚ್ಚಿತು. ನೋಡಿ ಬರೆಯುವ ಅಭ್ಯಾಸ ಆತನನ್ನು ಬಿಡಲಿಲ್ಲ. 1952ರಲ್ಲಿ, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳು ಅಳು ನುಂಗಿಕೊಂಡು ಮಲಗಿರುವುದನ್ನು ಚಲನಚಿತ್ರವಾಗಿ ತೆಗೆದು ಲಂಡನ್ನಿನ ವೈದ್ಯರ ಮುಂದಿಟ್ಟ. ಹಲವರು ಸಿಟ್ಟಾದರು. ಆದರೆ ಮುಂದಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳ ವಾರ್ಡುಗಳ ಬಾಗಿಲು ತಾಯಂದಿರಿಗೆ ಒಂದೊಂದಾಗಿ ತೆರೆಯಿತು.