ಕೆಡಿಸುವ ಡಬ್ಬಿ ಕೆಟ್ಟಾಗ: ದೊಮ್ಮಲೂರು, ಜಾಲಹಳ್ಳಿ ಮತ್ತು ಹರಿದ ಗಿಟಾರ್ ಸದ್ದಿನ ಚರಿತ್ರೆ

ಇಯರ್‌ಫೋನ್ ಹಾಕ್ಕೊಂಡಿದ್ದರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಈಗ ಕೇಳಿಸೋದು ಅಷ್ಟೇನೂ ಇಂಪಾಗಿಲ್ಲ.

[ಗಿಟಾರ್: ತಂತಿ ಮೀಟಿದ ಕೂಡಲೇ ಸದ್ದು ಪಟಪಟ ಹರಿದು, ಅರ್ಧಕ್ಕೇ ನಿಲ್ಲುತ್ತದೆ]

ಕೇಳಿದ್ರಲ್ಲಾ, ಇದು ನನ್ನ ಓವರ್‌ಡ್ರೈವ್ ಪೆಡಲ್, ರಿಪೇರಿ ಅರ್ಧ ಆಗಿದ್ದಾಗ ರೆಕಾರ್ಡ್ ಮಾಡಿದ್ದು. ಗಿಟಾರ್‌ಗೂ ಆಂಪ್ಲಿಫೈಯರ್‌ಗೂ ಮಧ್ಯೆ ಕೂರೋ, ಕಾಲಲ್ಲಿ ಒತ್ತೋ ಹಸಿರು ಡಬ್ಬಿ. ಅದರ ಕೆಲಸ ಒಂದೇ, ಚೆನ್ನಾಗಿರೋ ಸದ್ದನ್ನ ಹದವಾಗಿ ಕೆಡಿಸೋದು. ಕೆಡಿಸೋ ಡಬ್ಬಿಯೇ ಕೆಟ್ಟಾಗ ಯಾವುದು ಬೇಕಾದ ಕೆಡುಕು, ಯಾವುದು ಬೇಡದ ಕೆಡುಕು ಅಂತ ಹೇಳೋರು ಯಾರು? ಇವತ್ತಿನ ಕಥೆ ಅದೇ.

ಶುರು ಅಮೆರಿಕದ ನ್ಯಾಶ್ವಿಲ್‌ನಲ್ಲಿ. 1960ರ ಕೊನೆಗೆ ಮಾರ್ಟಿ ರಾಬಿನ್ಸ್ ಅನ್ನೋ ಗಾಯಕ 'ಡೋಂಟ್ ವರಿ' ಹಾಡು ರೆಕಾರ್ಡ್ ಮಾಡ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸ್ತಿದ್ದ ಬೇಸ್ ಗಿಟಾರ್ ಇದ್ದಕ್ಕಿದ್ದಂತೆ ಗುರ್ರ್ ಅನ್ನೋಕೆ ಶುರುವಾಯ್ತು. ಮಿಕ್ಸಿಂಗ್ ಕನ್ಸೋಲ್ ಒಳಗೆ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು, ಅಷ್ಟೇ. ಆ ಟೇಕ್ ಬಿಸಾಕಬಹುದಿತ್ತು. ಬಿಸಾಕಲಿಲ್ಲ. 1961ರಲ್ಲಿ ಹಾಡು ಗೆದ್ದ ಮೇಲೆ ಎಲ್ಲರಿಗೂ ಆ ಸದ್ದು ಬೇಕಾಯ್ತು. ಆದರೆ ಕೆಟ್ಟ ಕನ್ಸೋಲನ್ನ ಎಲ್ಲರಿಗೂ ಬಾಡಿಗೆಗೆ ಕೊಡೋಕಾಗುತ್ತಾ? ರೆಕಾರ್ಡಿಂಗ್ ಎಂಜಿನಿಯರ್ ಗ್ಲೆನ್ ಸ್ನಾಡಿ ಕೂತು, ಅದೇ ಕೆಡುಕನ್ನ ಬೇಕೆಂದಾಗ ಮಾಡಿಕೊಡೋ ಸರ್ಕ್ಯೂಟ್ ಕಟ್ಟಿದರು. ಅದೇ 1962ರಲ್ಲಿ ಬಂದ ಮೇಸ್ಟ್ರೋ ಫಝ್-ಟೋನ್. ಒಳಗೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್. 1965ರಲ್ಲಿ ರೋಲಿಂಗ್ ಸ್ಟೋನ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಲ್ಲಿ ಅದನ್ನ ಒತ್ತಿದ ಮೇಲೆ ಮುಂದಿನದೆಲ್ಲ ನಿಮಗೆ ಗೊತ್ತು.

ನನಗೆ ಮಜಾ ಅನಿಸಿದ್ದು ಬೇರೆ. ಅದೇ 1962ರಲ್ಲಿ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದ್ರೆ ಬಿಇಎಲ್, ಜರ್ಮೇನಿಯಂ ಸಾಧನಗಳನ್ನ ತಯಾರಿಸೋಕೆ ಶುರುಮಾಡ್ತು. 1954ರಲ್ಲಿ ಹುಟ್ಟಿದ ಕಂಪನಿ ಅದು. 1961ರಲ್ಲಿ ರೇಡಿಯೋ ವಾಲ್ವ್, ಮರುವರ್ಷ ಜರ್ಮೇನಿಯಂ, 1964ಕ್ಕೆ ಆಕಾಶವಾಣಿಗೆ ಟ್ರಾನ್ಸ್‌ಮಿಟರ್. ಒಂದೇ ಧಾತು, ಒಂದೇ ವರ್ಷ. ಅಲ್ಲಿ ಸದ್ದು ಹರಿಯೋಕೆ, ಇಲ್ಲಿ ವಾರ್ತೆ ಸ್ಪಷ್ಟವಾಗಿ ಕೇಳೋಕೆ.

ಈಗ ದೊಮ್ಮಲೂರಿಗೆ ಬರೋಣ. ನಮ್ಮ ಬ್ಯಾಂಡಿನ ಪ್ರಾಕ್ಟೀಸ್ ರೂಮ್ ಚೊಕ್ಕನಾಥಸ್ವಾಮಿ ದೇವಸ್ಥಾನದಿಂದ ನಡೆದು ಹೋಗೋ ದೂರದಲ್ಲಿದೆ. ಶನಿವಾರ ಶೋ, ಗುರುವಾರ ಪೆಡಲ್ ಸತ್ತಿತ್ತು. ತಪ್ಪು ನಂದೇ. ಯಾರದ್ದೋ ಅಡಾಪ್ಟರ್ ಚುಚ್ಚಿದ್ದೆ, ಅದರ ಪ್ಲಸ್-ಮೈನಸ್ ಉಲ್ಟಾ. ಹೊಸದಕ್ಕೆ ದುಡ್ಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಪೆಡಲ್ ನಮ್ಮ ಮೊದಲ ಗಿಟಾರಿಸ್ಟ್ ಬೆಂಗಳೂರು ಬಿಟ್ಟು ಹೋಗುವಾಗ ನನ್ನ ಕೈಗೆ ಕೊಟ್ಟಿದ್ದು. ಹಾಳು ಮಾಡ್ದೆ ಅಂತ ಅವನಿಗೆ ಮೆಸೇಜ್ ಮಾಡೋ ಧೈರ್ಯ ಇರಲಿಲ್ಲ.

ಪಕ್ಕದ ಬೀದಿಯಲ್ಲಿ ಒಬ್ಬರು ತಾತ ಇದಾರೆ. ಜಾಲಹಳ್ಳಿ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಕೆಲಸ ಮಾಡಿ ರಿಟೈರ್ ಆದೋರು. ಡಬ್ಬಿ ಬಿಚ್ಚಿ, ಮೊದಲು ಕೇಳಿದ್ದು "ಬ್ಯಾಟರಿ ಹಾಕಿದ್ರೂ ಲೈಟ್ ಬರಲ್ವಾ?" ಇಲ್ಲ ಅಂದೆ. ಮೀಟರ್ ಇಟ್ಟರು. ಕರೆಂಟ್ ಒಳಬರೋ ಜಾಗದಲ್ಲಿ ಒಂದು ಕಾವಲು ಡಯೋಡ್ ಇರುತ್ತೆ. ಒಂದೇ ದಿಕ್ಕಿಗೆ ಬೀಪ್ ಅನ್ನಬೇಕಾದ ಅದು ಎರಡೂ ಕಡೆ ಬೀಪ್ ಅಂತು. ಉಲ್ಟಾ ಕರೆಂಟನ್ನ ತಾನೇ ನುಂಗಿ, ಶಾರ್ಟ್ ಆಗಿ, ಉಳಿದ ಸರ್ಕ್ಯೂಟನ್ನ ಕಾಪಾಡಿತ್ತು. ಎರಡು ರೂಪಾಯಿ ಡಯೋಡ್ ಬದಲಾಯಿಸಿದ ಮೇಲೆ ಬಂತು ನೋಡಿ, ನೀವು ಶುರುವಲ್ಲಿ ಕೇಳಿದ ಆ ಪಟಪಟ.

"ಇದು ಸರಿಯಿಲ್ಲ" ಅಂದೆ ನಾನು. "ಸರಿ ಇದ್ದಾಗಲೂ ಹರಿದೇ ಇರುತ್ತೆ ಅಂದ್ಯಲ್ಲಪ್ಪ!" ಅಂದ್ರು ಅವರು.

ನ್ಯಾಯವಾದ ಪ್ರಶ್ನೆ. ಅವರು ಬದುಕಿಡೀ ಡಿಸ್ಟಾರ್ಷನ್ ಹುಡುಕಿ ಹೊರಗೆ ಹಾಕಿದೋರು. ನಾನು ಅದನ್ನೇ ಬೇಡ್ಕೊಂಡು ಬಂದೋನು. ಫೋನಲ್ಲಿ ಹಾಡುಗಳನ್ನ ಕೇಳಿಸಿದೆ: ಬೇಕಾದ ಹರಿತದಲ್ಲಿ ಸ್ವರ ಉದ್ದಕ್ಕೆ ಎಳೆಯುತ್ತೆ, ನಿಧಾನಕ್ಕೆ ಆರುತ್ತೆ. ನಮ್ಮದರಲ್ಲಿ ಸ್ವರ ಆರುವಾಗ ಕತ್ತು ಹಿಚುಕಿದ ಹಾಗೆ ನಿಲ್ಲುತ್ತೆ. ಮೂರು ಸಲ ಕೇಳಿ "ಹಾಗಾದ್ರೆ ಬಯಾಸ್" ಅಂದ್ರು.

ಒಂದು ತಂತಿಯ ತುದಿಗೆ ಸಣ್ಣ ಕೆಪಾಸಿಟರ್ ಬೆಸೆದು, ಇನ್ನೊಂದು ತುದಿಯನ್ನ ಆಂಪ್‌ಗೆ ಕೊಟ್ಟರು. ಹಳೇ ರೇಡಿಯೋ ರಿಪೇರಿಯವರ ವಿದ್ಯೆ ಇದು. ಸದ್ದು ಸರ್ಕ್ಯೂಟಿನಲ್ಲಿ ಎಲ್ಲಿವರೆಗೆ ನೆಟ್ಟಗೆ ಬರುತ್ತೆ ಅಂತ ಹೆಜ್ಜೆ ಹೆಜ್ಜೆಗೂ ಮುಟ್ಟಿ ಕೇಳೋದು. ಮೊದಲ ಟ್ರಾನ್ಸಿಸ್ಟರ್‌ವರೆಗೆ ಸರಿ ಇತ್ತು. ಎಂಟು ಕಾಲಿನ ಚಿಪ್ ದಾಟಿದ ಮೇಲೆ ಪಟಪಟ. 9 ವೋಲ್ಟ್ ಪೆಡಲ್‌ನಲ್ಲಿ ಆ ಚಿಪ್ ನಡುಮಧ್ಯೆ, 4.5 ವೋಲ್ಟಲ್ಲಿ ನಿಲ್ಲಬೇಕು. ಅಲೆ ಮೇಲೂ ಕೆಳಗೂ ಆಡೋಕೆ ಸಮ ಜಾಗ ಬೇಕಲ್ಲ. ಇಲ್ಲಿ ಎರಡು ವೋಲ್ಟೂ ಇರಲಿಲ್ಲ, ಅಲೆಯ ಕೆಳಭಾಗ ನೆಲಕ್ಕೆ ತಾಗ್ತಿತ್ತು. ಕಾರಣ, ವಯಸ್ಸಾಗಿ ಸೋರ್ತಿದ್ದ ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, 47 ಮೈಕ್ರೋಫ್ಯಾರಡ್. ಎಸ್.ಪಿ. ರೋಡಿಗೆ ಹೋಗೋದೂ ಬೇಕಾಗಲಿಲ್ಲ, ಅವರ ಬಿಸ್ಕತ್ ಡಬ್ಬದಲ್ಲೇ ಸಿಕ್ತು.

ಬೆಸುಗೆ ಹಾಕುವಾಗ ಅವರ ಕಣ್ಣು ಚಿಪ್ಪಿನ ಪಕ್ಕದ ಎರಡು ಪುಟ್ಟ ಡಯೋಡುಗಳ ಮೇಲೆ ಬಿತ್ತು, ಒಂದಕ್ಕೊಂದು ತಲೆಕೆಳಗಾಗಿ ಕೂತಿದ್ದವು. "ಅಲೆಯ ಎರಡೂ ತಲೆ ಕತ್ತರಿಸ್ತಿರೋದು ಇವೇ. ತೆಗೆದುಬಿಡ್ಲಾ? ಕ್ಲೀನ್ ಆಗುತ್ತೆ." ನಾನು ಕೈ ಅಡ್ಡ ಹಿಡಿದೆ! ಪೆಡಲಿನ ಪ್ರಾಣವೇ ಆ ಜೋಡಿ. 1977ರಲ್ಲಿ ಜಪಾನಿನ ಬಾಸ್ ಕಂಪನಿಯ ಓಡಿ-1, ಆಮೇಲೆ ಐಬನೀಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್, ಎಲ್ಲವೂ ಚಿಪ್ಪಿನ ಫೀಡ್‌ಬ್ಯಾಕ್ ದಾರಿಯಲ್ಲಿ ಡಯೋಡ್ ಇಟ್ಟು ಅಲೆಯ ಮೂಲೆಗಳನ್ನ ಮೆತ್ತಗೆ ಸವರುತ್ತವೆ. ಫಝ್‌ನ ಒರಟು ಗುರ್ರ್ ಇದಲ್ಲ. ವಾಲ್ವ್ ಆಂಪನ್ನ ಜೋರಾಗಿ ದುಡಿಸಿದಾಗ ಬರೋ ದನಿಯ ಅನುಕರಣೆ. ನನ್ನದು ಆ ಟ್ಯೂಬ್ ಸ್ಕ್ರೀಮರಿನ ಅಗ್ಗದ ನಕಲು.

ಇದನ್ನೆಲ್ಲ ಹೇಳಿದ ಮೇಲೆ ಅವರು ಡಯೋಡ್‌ಗಳನ್ನ ಮುಟ್ಟಲಿಲ್ಲ. ಆದರೆ ಟೆಸ್ಟ್ ಮಾಡುವಾಗ ಡ್ರೈವ್ ನಾಬನ್ನ ಪೂರ್ತಿ ಕಮ್ಮಿ ಮಾಡಿ "ಈಗ ಸರಿಹೋಯ್ತು" ಅಂದ್ರು. ನಾನು ಮುಕ್ಕಾಲಿಗೆ ತಿರುಗಿಸಿದೆ. ಅವರು ಮುಖ ಕಿವಿಚಿದ್ರು. ಶನಿವಾರದ ಶೋ ಮುಕ್ಕಾಲಲ್ಲೇ ಆಯ್ತು.

ದುಡ್ಡು ತಗೊಳ್ಳಲಿಲ್ಲ. ಬದಲಿಗೆ ಬಿಸ್ಕತ್ ಡಬ್ಬ ಕೆದಕಿ, ಬೆರಳ ತುದಿಯಷ್ಟು ದೊಡ್ಡ ಲೋಹದ ಟೋಪಿಯ ಟ್ರಾನ್ಸಿಸ್ಟರ್ ಒಂದನ್ನ ಕೊಟ್ಟರು. ಮೇಲೆ ಬಿಇಎಲ್, ಎಸಿ128 ಅಂತಿತ್ತು. ಜರ್ಮೇನಿಯಂ! 1966ರಲ್ಲಿ ಲಂಡನ್ನಿನಿಂದ ಬಂದ ಫಝ್ ಫೇಸ್ ಪೆಡಲ್‌ಗಳಲ್ಲೂ ಎಸಿ128 ಬಳಸಿದ್ದುಂಟು. "ಇದು ಸೋರುತ್ತಪ್ಪ, ಬಿಸಿಲು ಏರಿದರೆ ಇನ್ನೂ ಜಾಸ್ತಿ ಸೋರುತ್ತೆ. ಯಾವುದಕ್ಕೂ ಬರಲ್ಲ" ಅಂದ್ರು. ಫಝ್ ಫೇಸ್‌ಗೆ ಇಂಥವು ಎರಡು ಬೇಕು. ಇನ್ನೊಂದನ್ನ ಹುಡುಕ್ಕೊಂಡು ಈ ಭಾನುವಾರ ನಾನು ಎಸ್.ಪಿ. ರೋಡಲ್ಲಿರ್ತೀನಿ.